ಗುಟ್ಟಿನ ಪುಟ

ಗ್ರಂಥಪಾಲಕರಿಗೆ ಒಂದು ಚಟವಿತ್ತು. ಸಿಗರೇಟಲ್ಲ, ಇಸ್ಪೀಟಲ್ಲ. ಎಲ್ಲೇ ಹೋಗಲಿ, ಯಾವುದೇ ಪುಸ್ತಕ ಕೈಗೆ ಸಿಗಲಿ, ಹೆಸರು ನೋಡದೆ, ಬರೆದವರು ಯಾರೆಂದು ಕೇಳದೆ, ನೇರವಾಗಿ ಐವತ್ತೊಂದನೆಯ ಪುಟ ತೆರೆಯುತ್ತಿದ್ದರು. ಅದು ಅವರ ಗ್ರಂಥಾಲಯದ ಗುಟ್ಟಿನ ಪುಟ. ಮೊದಲ ಪುಟದ ಮೊಹರನ್ನು ಕಳ್ಳರು ಹರಿದುಹಾಕುತ್ತಾರೆಂದು ಒಳಗೆಲ್ಲೋ ಇನ್ನೊಂದು ಮೊಹರು ಒತ್ತಿಡುವುದು ಆ ವೃತ್ತಿಯ ಹಳೆಯ ಉಪಾಯ. ನೆಂಟರ ಮನೆಗೆ ಹೋದರೂ, ಹಲ್ಲಿನ ಡಾಕ್ಟರ ಕೋಣೆಯಲ್ಲಿ ಕೂತರೂ ಆ ಪುಟವನ್ನೊಮ್ಮೆ ತೆರೆಯದೆ ಅವರಿಗೆ ಸಮಾಧಾನವಿಲ್ಲ. ಈ ಕಾಟ ತಾಳಲಾರದೆ ನೆಂಟರು ಪುಸ್ತಕಗಳನ್ನು ಒಳಗಿಡತೊಡಗಿದರು. ಒಳಗಿಟ್ಟರೆಂದ ಮೇಲೆ ಕದ್ದದ್ದೇ ಇರಬೇಕೆಂದು ಇವರ ಅನುಮಾನ ಇನ್ನಷ್ಟು ಬಲಿಯಿತು.

ಅನುಮಾನಕ್ಕೆ ಆಧಾರವೂ ಇತ್ತೆನ್ನಿ. ಶಾಲೆಯ ಕಾಂಪೌಂಡಿಗೆ ಅಂಟಿಕೊಂಡಿದ್ದ ಆ ಪುಟ್ಟ ಗ್ರಂಥಾಲಯ ಹಗಲು ಮಕ್ಕಳಿಗೆ, ಸಂಜೆ ಊರಿನವರಿಗೆ. ಅಲ್ಲಿಂದ ಪುಸ್ತಕಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಇವರು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದರೂ ಕಳ್ಳ ಸಿಕ್ಕಿರಲಿಲ್ಲ. ಸುದ್ದಿ ಸರ್ಕಾರದವರೆಗೆ ಹೋಗಿ, ಪುಸ್ತಕಗಳೇ ಉಳಿಯದ ಇಂಥ ಗ್ರಂಥಾಲಯಗಳನ್ನು ಮುಚ್ಚುವ ಪ್ರಸ್ತಾಪ ಅಂದು ಮಧ್ಯಾಹ್ನ ಸದನದ ಮುಂದೆ ಬರಲಿತ್ತು. ತಮ್ಮ ಶಾಸಕರು ಎದ್ದುನಿಂತು ನಾಲ್ಕು ಮಾತಾಡಿದರೆ ಉಳಿದೀತು, ಇಲ್ಲವಾದರೆ ಮರುದಿನವೇ ಬೀಗ.

ಹಾಗಾಗಿ ಬೆಳಿಗ್ಗೆಯೇ ಮೂವರ ನಿಯೋಗ ಶಾಸಕರ ಮನೆಗೆ ಹೊರಟಿತು. ಮುಂದಾಳು ಶಾಲೆಯ ಹೆಡ್‌ಮೇಡಂ. ಓದುಗರ ಪರವಾಗಿ ಎದುರಂಗಡಿಯ ಟೈಲರ್. ದಿನಾ ಸಂಜೆ ತಪ್ಪದೆ ಬಂದು ಓದುತ್ತಿದ್ದ ಅವನನ್ನು ದಿನಾ ಸಂಜೆ ತಪ್ಪದೆ ಬಾಗಿಲಲ್ಲಿ ನಿಲ್ಲಿಸಿ, ಗ್ರಂಥಪಾಲಕರು ಚೀಲ ಜಾಲಾಡುತ್ತಿದ್ದರು. ಟೇಪು, ಕತ್ತರಿ, ನೂಲಿನುಂಡೆ ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ. ಏನೂ ಸಿಗದಿರುವುದೇ ಅವನ ಕೈಚಳಕಕ್ಕೆ ಸಾಕ್ಷಿ ಎಂದು ಇವರ ಲೆಕ್ಕ.

"ಅಲ್ಲಿ ಹೋಗಿ ಅವರ ಪುಸ್ತಕ ಮುಟ್ಟಬೇಡಿ" ಎಂದು ಹೆಂಡತಿ ಬಾಗಿಲಲ್ಲೇ ಎಚ್ಚರಿಸಿದ್ದರು. "ಬರ್ತಾ ಆ ಹರಕಲು ಪುಸ್ತಕಗಳನ್ನ ಮತ್ತೆ ಹೊತ್ಕೊಂಡು ಬರಬೇಡಿ. ಮನೆ ಈಗಷ್ಟೇ ಮನೆ ಥರ ಕಾಣ್ತಿದೆ."

ಗ್ರಂಥಪಾಲಕರು ಹೂಂಗುಟ್ಟಿದರು. ಅವರ ಗಮನವೆಲ್ಲ ರಸ್ತೆಯಲ್ಲಿ ಕಾಯುತ್ತಿದ್ದ ಟೈಲರನ ಚೀಲದ ಮೇಲಿತ್ತು. ಇವತ್ತು ಅದು ಸ್ವಲ್ಪ ಉಬ್ಬಿದಂತಿತ್ತು.

ಶಾಸಕರ ಮನೆಯಲ್ಲಿ ಪಿ.ಎ. ಅನ್ನುವ ಮನುಷ್ಯ ಅನುಮಾನದಲ್ಲಿ ಗ್ರಂಥಪಾಲಕರನ್ನೂ ಮೀರಿಸುವವನು.

"ಏನ್ ಕೆಲಸ? ವರ್ಗಾವಣೆನಾ?"

"ಅಲ್ಲಪ್ಪ, ಗ್ರಂಥಾಲಯ ಉಳಿಸಿ ಅಂತ ಕೇಳೋಕೆ ಬಂದಿದೀವಿ" ಎಂದರು ಹೆಡ್‌ಮೇಡಂ.

"ಅದು ಸರಿ ಮೇಡಂ. ಒಳಗಿನ ವಿಷಯ ಹೇಳಿ."

"ಒಳಗೂ ಅದೇ, ಹೊರಗೂ ಅದೇ."

ಗ್ರಂಥಾಲಯಕ್ಕೋಸ್ಕರ ಯಾರಾದರೂ ಇಲ್ಲಿಯವರೆಗೆ ಬರುತ್ತಾರೆಂದು ನಂಬಲು ಪಿ.ಎ. ತಯಾರಿರಲಿಲ್ಲ. ಮೂವರನ್ನೂ ಮೇಲಿಂದ ಕೆಳಗೆ ನೋಡಿ, "ಸಾರ್ ಸ್ನಾನಕ್ಕೆ ಹೋಗಿದಾರೆ, ಕೂತಿರಿ" ಎಂದು ಒಳಗೆ ಹೋದ.

ಕೂತ ಕೋಣೆಯಲ್ಲಿ ಗೋಡೆಯುದ್ದಕ್ಕೂ ಗಾಜಿನ ಕಪಾಟು. ಕಪಾಟಿನ ತುಂಬ ಪುಸ್ತಕ.

"ಸಾರ್, ಕೈ ಕಟ್ಕೊಂಡು ಕೂತ್ಕೊಳ್ಳಿ" ಎಂದರು ಹೆಡ್‌ಮೇಡಂ.

ಗ್ರಂಥಪಾಲಕರು ಕೈ ಕಟ್ಟಿಕೊಂಡರು. ಆದರೆ ಕಣ್ಣು ಕಟ್ಟಿಕೊಳ್ಳುವುದು ಹೇಗೆ? ಎರಡನೆಯ ಸಾಲಿನಲ್ಲಿದ್ದ ಒಂದು ದಪ್ಪ ಪುಸ್ತಕದ ಬೆನ್ನಿಗೆ ಹಸಿರು ಬಟ್ಟೆಯ ಪಟ್ಟಿ. ಎಲ್ಲೋ ನೋಡಿದಂತಿತ್ತು. ಎದ್ದರು. ಕಪಾಟಿನ ಬಾಗಿಲು ಸರಿಸಿದರು. ಪುಸ್ತಕ ಎಳೆದರು. ಐವತ್ತೊಂದನೆಯ ಪುಟದಲ್ಲಿ ದುಂಡಗೆ, ನೇರಳೆ ಬಣ್ಣದಲ್ಲಿ, ಅವರದೇ ಗ್ರಂಥಾಲಯದ ಮೊಹರು ಕೂತಿತ್ತು.

ಪಕ್ಕದ ಪುಸ್ತಕ ತೆಗೆದರು, ಅದರಲ್ಲೂ ಮೊಹರು. ಕೆಳಗಿನ ಸಾಲಿನದು ತೆಗೆದರು, ಅಲ್ಲೂ ಅದೇ.

"ಮೇಡಂ, ಕಳ್ಳ ಸಿಕ್ಕಿದ" ಎಂದರು. "ಇವರೇ."

ಹೆಡ್‌ಮೇಡಂ ಬಂದು ನೋಡಿದರು. ಅವರ ಮುಖವೂ ಬಿಳಿಚಿತು. ಆದರೂ ಹತ್ತಾರು ವರ್ಷ ಶಾಲೆ ನಡೆಸಿದ ಹೆಂಗಸು. "ಬಾಯಿ ಬಿಟ್ರೋ, ಗ್ರಂಥಾಲಯ ಹೋಯ್ತು ಅಂತ್ಲೇ ತಿಳ್ಕೊಳ್ಳಿ. ಮೊದ್ಲು ಕೆಲಸ ಆಗ್ಲಿ. ಅದನ್ನ ಒಳಗಿಡಿ."

ಎಷ್ಟೋ ವರ್ಷ ಹುಡುಕಿದ ಪುಸ್ತಕ. ಕಂಡಕಂಡವರನ್ನೆಲ್ಲ ಅನುಮಾನಿಸಿ, ಬೈಸಿಕೊಂಡು, ನಿದ್ದೆಗೆಟ್ಟು ಹುಡುಕಿದ್ದು. ಅದನ್ನು ಕಳ್ಳನ ಕಪಾಟಿಗೆ ತಾನೇ ಮರಳಿಸುವುದೆಂದರೆ ಗ್ರಂಥಪಾಲಕರಿಗೆ ಅಳುವೇ ಬಂತು. ಒಳಗೆ ಹೆಜ್ಜೆಯ ಸಪ್ಪಳವಾಯಿತು. ಅವರು ಕಪಾಟು ಮುಚ್ಚಿದರು, ಹಸಿರು ಪಟ್ಟಿಯ ಪುಸ್ತಕವನ್ನು ಮಾತ್ರ ಅಂಗಿಯೊಳಗೆ ತುರುಕಿಕೊಂಡರು.

ಶಾಸಕರು ತಲೆ ಒರೆಸಿಕೊಳ್ಳುತ್ತ ಬಂದರು. ಹೆಡ್‌ಮೇಡಂ ಅಚ್ಚುಕಟ್ಟಾಗಿ ವಿಷಯ ಹೇಳಿದರು. ಪಾಠಪುಸ್ತಕ ಬಿಟ್ಟು ಬೇರೆ ಪುಸ್ತಕ ಮನೆಯಲ್ಲಿಲ್ಲದ ಮಕ್ಕಳು, ಕೆಲಸ ಮುಗಿಸಿ ಓದಲು ಬರುವ ದೊಡ್ಡವರು, ಎಲ್ಲ ಹೇಳಿದರು. ಗ್ರಂಥಪಾಲಕರು ಮಾತ್ರ ಸೊಂಟಕ್ಕೆ ಹಲಗೆ ಕಟ್ಟಿದವರಂತೆ ನೆಟ್ಟಗೆ ಕೂತು ಶಾಸಕರನ್ನೇ ದುರುದುರು ನೋಡುತ್ತಿದ್ದರು.

"ನನಗೂ ಪುಸ್ತಕ ಅಂದ್ರೆ ಪ್ರೀತಿ. ನೋಡಿ, ಹೇಗೆ ಇಟ್ಕೊಂಡಿದೀನಿ" ಎಂದು ಶಾಸಕರು ಕಪಾಟಿನತ್ತ ಕೈ ತೋರಿಸಿದರು. "ಮಾತಾಡ್ತೀನಿ ಮೇಡಂ. ಆದ್ರೆ ಇದ್ದ ಪುಸ್ತಕ ಎಲ್ಲಿ ಹೋದ್ವು ಅಂತ ಕೇಳ್ತಾರೆ. ಏನ್ ಹೇಳ್ಲಿ?"

ಗ್ರಂಥಪಾಲಕರ ಬಾಯಿ ತೆರೆಯಿತು. ಹೆಡ್‌ಮೇಡಂ ಅವರ ಕಾಲು ತುಳಿದರು.

"ನಮ್ ಸಾರ್ ಕಂಡುಹಿಡೀತಾರೆ ಬಿಡಿ" ಎಂದ ಟೈಲರ್. "ಅವರಿಗೆ ಎಲ್ಲರ ಮೇಲೂ ಅನುಮಾನ."

ಶಾಸಕರು ನಕ್ಕು ಎದ್ದರು. ಕೆಲಸವಾಗಿತ್ತು. ಮೂವರೂ ಎದ್ದು ಕೈಮುಗಿದರು. ಗ್ರಂಥಪಾಲಕರು ಮುಗಿಯುವುದರ ಜೊತೆಗೆ ತುಸು ಬಗ್ಗಿದರು ಕೂಡ. ಅಂಗಿಯ ಕೆಳಗಿನಿಂದ ಪುಸ್ತಕ ಜಾರಿ ಶಾಸಕರ ಪಾದದ ಮೇಲೆ ಬಿತ್ತು.

"ನಾನ್ ಆವಾಗ್ಲೇ ಅಂದ್ಕೊಂಡೆ" ಎಂದು ಪಿ.ಎ. ಬಂದು ಅವರ ರಟ್ಟೆ ಹಿಡಿದ. "ಲೈಬ್ರರಿಗೋಸ್ಕರ ಯಾರಾದ್ರೂ ಬರ್ತಾರಾ ಸಾರ್?"

ಗ್ರಂಥಪಾಲಕರ ತಾಳ್ಮೆಯ ಕಟ್ಟೆ ಒಡೆಯಿತು. "ಕಳ್ಳ ನಾನಲ್ಲ. ಐವತ್ತೊಂದನೇ ಪುಟ ತೆಗೀರಿ. ಅದ್ರಲ್ಲಿ ಯಾರ ಮೊಹರಿದೆ ಓದಿ. ಕಪಾಟಿನಲ್ಲಿರೋದೆಲ್ಲ ನಮ್ಮದೇ."

ಶಾಸಕರು ಪುಟ ತೆಗೆದು ಓದಿದರು. ಅವರ ಮುಖದ ನಗು ಇಳಿಯಿತು. ಹೆಡ್‌ಮೇಡಂ ಕಣ್ಣುಮುಚ್ಚಿಕೊಂಡರು. ಶಾಸಕರು ನಿಧಾನವಾಗಿ ಪಿ.ಎ. ಕಡೆ ತಿರುಗಿ, "ಇವನ್ನ ಎಲ್ಲಿಂದ ತಂದೆ?" ಎಂದರು.

"ಕಪಾಟು ಬೋಳು ಕಾಣ್ತಿದೆ, ಏನಾದ್ರೂ ತುಂಬಿಸು ಅಂದಿದ್ರಲ್ಲ ಸಾರ್. ಹಳೇ ಪೇಪರ್ ಅಂಗಡಿಯಿಂದ ತೂಕದ ಮೇಲೆ ತಂದೆ."

"ಅವನಿಗೆ ಫೋನ್ ಹಚ್ಚು. ಎಲ್ಲರಿಗೂ ಕೇಳೋ ಹಾಗೆ ಇಡು."

ಗ್ರಂಥಪಾಲಕರು ಎದೆಯುಬ್ಬಿಸಿ, ಓರೆಗಣ್ಣಿನಿಂದ ಟೈಲರನನ್ನು ನೋಡಿದರು. ಅಂಗಡಿಯವನಿಗೆ ಮಾರಿದವನ ಹೆಸರು ಈಗ ಹೊರಬೀಳುತ್ತದೆ.

"ಆ ಪುಸ್ತಕಗಳಾ?" ಎಂದಿತು ಫೋನಿನ ದನಿ. "ಲೈಬ್ರರಿ ಸಾಹೇಬ್ರ ಮನೇದು ಸಾರ್. ಮನೆಗೆ ಬಣ್ಣ ಹೊಡೆಸುವಾಗ ಅಮ್ಮಾವ್ರು ಅಟ್ಟ ಖಾಲಿ ಮಾಡಿಸಿದ್ರು. ಅವರ ಯಜಮಾನ್ರು ಹರಿದಿರೋದನ್ನೆಲ್ಲ ಹೊಲೀತೀನಿ ಅಂತ ತಂದು ತಂದು ಮೇಲೆ ಹಾಕಿದ್ರಂತೆ. ಇನ್ನೊಂದು ಮೂಟೆ ನನ್ ಹತ್ರಾನೇ ಇದೆ. ಕಳಿಸ್ಲಾ?"

ಗ್ರಂಥಪಾಲಕರಿಗೆ ಒಂದೊಂದೇ ನೆನಪಾಯಿತು. ಬೆನ್ನು ಕಿತ್ತ ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡದ್ದು. ತಾನೇ ಒಯ್ಯುವುದಕ್ಕೆ ಬರೆದಿಡುವುದೇನು ಬಂತು ಎಂದುಕೊಂಡದ್ದು. ಈ ಭಾನುವಾರವಲ್ಲ, ಮುಂದಿನ ಭಾನುವಾರ ಎಂದದ್ದು. ಹಸಿರು ಪಟ್ಟಿ ಅಂಟಿಸಿದ್ದೂ ತಾನೇ. ಅಲ್ಲೇ ಭೂಮಿ ಬಾಯಿಬಿಡಬಾರದೇ ಎನ್ನುವಷ್ಟು ನಾಚಿಕೆಯಾಯಿತು. ಟೈಲರನ ಮುಖ ನೋಡಲು ಧೈರ್ಯವಾಗಲಿಲ್ಲ.

ಶಾಸಕರಿಗೆ ಮಾತ್ರ ನಗು ಮರಳಿತ್ತು. "ಸದನದಲ್ಲಿ ಏನ್ ಹೇಳ್ಬೇಕು ಅನ್ನೋದು ಸಿಕ್ತು ಬಿಡಿ" ಎಂದರು.

ಸಂಜೆ ಗ್ರಂಥಾಲಯ ಮುಚ್ಚುವ ಹೊತ್ತಿಗೆ ಹೆಡ್‌ಮೇಡಂ ಸುದ್ದಿ ತಂದರು. ಪ್ರಸ್ತಾಪ ಬಿದ್ದುಹೋಗಿತ್ತು. ಕಪಾಟಿನ ಪುಸ್ತಕಗಳನ್ನೂ ಮೂಟೆಯನ್ನೂ ಶಾಸಕರು ವಾಪಸು ಕಳಿಸುತ್ತಾರಂತೆ.

"ಓದುಗರು ಕಳ್ಳರಲ್ಲ, ಬೀಗ ಹಾಕೋದಾದ್ರೆ ಗ್ರಂಥಪಾಲಕರ ಅಟ್ಟಕ್ಕೆ ಹಾಕಿ ಅಂದ್ರಂತೆ. ಸದನವೆಲ್ಲ ನಕ್ಕುಬಿಡ್ತಂತೆ. ಒಂದೇ ಒಂದು ಷರತ್ತು ಹಾಕಿದಾರೆ ಸಾರ್." ಹೆಡ್‌ಮೇಡಂ ಬೇರೆ ಕಡೆ ನೋಡುತ್ತ ಹೇಳಿದರು. "ಇನ್ಮೇಲೆ ಹೊರಗೆ ಹೋಗುವಾಗ ಸಿಬ್ಬಂದಿಯ ಚೀಲಾನೂ ನೋಡ್ಬೇಕಂತೆ. ಓದುಗರ ಪ್ರತಿನಿಧಿ ನೋಡ್ಬೇಕಂತೆ."

ಓದುಗರ ಪ್ರತಿನಿಧಿ ಆಗಲೇ ಬಾಗಿಲಲ್ಲಿ ನಿಂತಿದ್ದ.

"ಚೀಲ ತೋರ್ಸಿ ಸಾರ್" ಎಂದ ಟೈಲರ್, ಬಹಳ ವಿನಯದಿಂದ.

"ನೋಡಪ್ಪ, ಚೆನ್ನಾಗಿ ನೋಡು" ಎಂದು ಗ್ರಂಥಪಾಲಕರು ಚೀಲ ಚಾಚಿದರು. ಇಷ್ಟಾದ ಮೇಲೆ ತಮ್ಮ ಚೀಲದಲ್ಲಿ ಏನಿರಲು ಸಾಧ್ಯ ಎಂಬ ಧೈರ್ಯ ಅವರದು.

ಟೈಲರ್ ಕೈ ಹಾಕಿದ. ಊಟದ ಡಬ್ಬಿ ಬಂತು, ಛತ್ರಿ ಬಂತು. ಅದರ ಕೆಳಗಿನಿಂದ ಬೆನ್ನು ಕಿತ್ತುಹೋದ ಒಂದು ಮಕ್ಕಳ ಪುಸ್ತಕ ಬಂತು. ಅದನ್ನು ಯಾವಾಗ ಒಳಗೆ ಹಾಕಿಕೊಂಡರೋ ಗ್ರಂಥಪಾಲಕರಿಗೇ ಗೊತ್ತಿರಲಿಲ್ಲ.

ಟೈಲರ್ ಹೆಸರು ನೋಡಲಿಲ್ಲ, ಬರೆದವರು ಯಾರೆಂದೂ ನೋಡಲಿಲ್ಲ. ಬೆರಳಿಗೆ ಎಂಜಲು ಹಚ್ಚಿ ನೇರವಾಗಿ ಐವತ್ತೊಂದನೆಯ ಪುಟ ತೆರೆದ, ತಲೆಯಾಡಿಸಿದ, ಪುಸ್ತಕವನ್ನು ತನ್ನ ಚೀಲಕ್ಕೆ ಹಾಕಿಕೊಂಡ.

"ಹೊಲಿಗೆ ಕೆಲಸ ನನಗೆ ಬಿಡಿ ಸಾರ್" ಎಂದ. "ನಾಳೆ ಬೆಳಿಗ್ಗೆ ತಂದ್ಕೊಡ್ತೀನಿ."