ಭಾನುವಾರ ನಮ್ಮೂರಿಗೆ ಬಂದವರು

ಶನಿವಾರ ಹೊತ್ತೇರಿತು ಅಂದರೆ ನಮ್ಮೂರಲ್ಲಿ ಏನಾದರೊಂದು ನಡೆದೇ ನಡೆಯುತ್ತದೆ. ಅದಕ್ಕಾಗಿ ನಾವು ಏನೂ ಮಾಡಬೇಕಾಗಿಲ್ಲ. ಸುಮ್ಮನೆ ಮನೆ ಮುಂದೆ ಕೂತಿದ್ದರೆ ಸಾಕು, ತಾನಾಗಿಯೇ ಕಾರು ಹತ್ತಿಕೊಂಡು ಬರುತ್ತದೆ.

ತಮಿಳುನಾಡಿನ ಹೊಸೂರು ಕಡೆ, ತಳಿಯಿಂದ ಜವಳಗಿರಿಗೆ ಹೋಗುವಾಗ ಒಂದು ಕೂಟು ರೋಡು, ಅಂದರೆ ರಸ್ತೆಗಳು ಕೂಡುವ ಜಾಗ, ಸಿಗುತ್ತದೆ. ಅಲ್ಲಿ ಒಳಕ್ಕೆ ತಿರುಗಿದರೆ ಮೊದಲು ಕೆರೆ, ಆಮೇಲೆ ನಾವು. ಬಿಳಿಯರ ಕಾಲದಲ್ಲಿ ಯಾರೋ ಈ ಸೀಮೆಯ ಚಳಿ ನೋಡಿ ಚಿಕ್ಕ ಇಂಗ್ಲೆಂಡು ಅಂದರಂತೆ. ಆ ಮಾತು ಇಷ್ಟು ಕಾಲ ಯಾರಿಗೂ ತೊಂದರೆ ಕೊಡದೆ ತನ್ನ ಪಾಡಿಗೆ ಬಿದ್ದಿತ್ತು. ಈಗ ಅದನ್ನು ಯಾರೋ ಎತ್ತಿ ಫೋನಿಗೆ ಹಾಕಿದರು, ಜೊತೆಗೆ ನಮ್ಮ ಕೆರೆಯ ಮೇಲೆ ಮಂಜು ತೇಲುವ ವೀಡಿಯೊ. ಬೆಂಗಳೂರಿಗೆ ಬೆಂಗಳೂರೇ ಎದ್ದು ಬಂತು.

ಬರಲಿ. ಬರಬೇಡಿ ಅನ್ನುವುದಕ್ಕೆ ಭೂಮಿ ನಮ್ಮಪ್ಪನದಲ್ಲ. ಆದರೆ ಕೆರೆ ಏರಿ ಮೇಲಿನ ರಸ್ತೆಯಲ್ಲಿ ಎರಡು ಗಾಡಿ ಎದುರುಬದುರಾದರೆ ಉಸಿರು ಬಿಗಿಹಿಡಿದು ದಾಟಬೇಕು. ಇವರು ಅದರ ಎರಡೂ ಬದಿಗೆ ಕಾರು ನಿಲ್ಲಿಸಿ, ಕೆರೆಗೆ ಬೆನ್ನು ತಿರುಗಿಸಿ ನಿಂತು, ಕೆರೆ ನೋಡಿದೆವು ಅಂತ ಫೋಟೊ ತೆಗೆದುಕೊಳ್ಳುತ್ತಾರೆ. ನಮಗಿರುವುದು ಒಂದೇ ಬಸ್ಸು, ಹನ್ನೊಂದು ಗಂಟೆಯದು. ಮೂಕಂಡಪಲ್ಲಿಯ ಕಾರ್ಖಾನೆಗಳಿಗೆ ಎರಡನೇ ಶಿಫ್ಟಿಗೆ ಹೋಗುವವರು, ಹೊಸೂರಿಗೆ ಹೂವು ಸೊಪ್ಪು ಒಯ್ಯುವವರು ಎಲ್ಲರಿಗೂ ಅದೇ. ಭಾನುವಾರ ಅದು ಕೂಟು ರೋಡಿನಲ್ಲೇ ನಿಂತು, ಕಾರಿನ ಸಾಲು ನೋಡಿ, ಹಾಗೇ ಹಿಂದಕ್ಕೆ ತಿರುಗಿಕೊಳ್ಳುತ್ತಿತ್ತು. ಹೆಂಗಸರು ಹೂವಿನ ಮೂಟೆ ಹೊತ್ತು ಅಲ್ಲಿವರೆಗೆ ನಡೆಯಬೇಕು. ಡ್ರೈವರು ಒಂದು ದಿನ ನನಗೇ ಹೇಳಿದ: "ಅಣ್ಣಾ, ಇಂಗೇ ಆದ್ರೆ ಡಿಪೋದವ್ರು ಭಾನುವಾರದ ಟ್ರಿಪ್ಪೇ ತೆಗೆದುಬುಡ್ತಾರೆ. ಆಮೇಲೆ ನನ್ನ ಬಯ್ಬೇಡ."

ಬೈಯುವುದು ನನ್ನ ಕೆಲಸ. ಓದಿದ್ದು ಕಡಿಮೆ, ಕೂಗಿದ್ದು ಜಾಸ್ತಿ. ಆ ಬಸ್ಸು ಉಳಿಸಿಕೊಳ್ಳಲು ಊರೂರು ಕೂಗಿಕೊಂಡು ತಿರುಗಿದ ಚಳಿಗಾಲದಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತೇನೆ. ಕೋಪದಿಂದಲೇ ಬರೆಯಲು ಕೂತೆ. ಬರೆಯುತ್ತಾ ಬರೆಯುತ್ತಾ ಕೋಪ ನಿಲ್ಲಲಿಲ್ಲ, ನಗುವೂ ನಿಲ್ಲಲಿಲ್ಲ.

ಮಂಜು ಎಲ್ಲಿ?

ಮಂಜು ನೋಡಲು ಬರುವವರಿಗೆ ಒಂದು ವಿಷಯ ಯಾರೂ ಹೇಳಿ ಕಳಿಸುವುದಿಲ್ಲ. ಮಂಜು ಬೆಳಗಿನದು. ಇವರು ಮನೆಯಲ್ಲಿ ನಿಧಾನಕ್ಕೆ ಎದ್ದು, ಹೆದ್ದಾರಿಯಲ್ಲಿ ದೋಸೆ ತಿಂದು, ಇಲ್ಲಿಗೆ ಬರುವಷ್ಟರಲ್ಲಿ ಬಿಸಿಲು ನೆತ್ತಿ ಕಾಯಿಸುತ್ತಿರುತ್ತದೆ.

ಕೆರೆ ಪಕ್ಕದಲ್ಲಿ ಟೀ ಅಂಗಡಿ ಇಟ್ಟಿರುವ ಅಕ್ಕನನ್ನು ಒಬ್ಬರು ದಬಾಯಿಸಿ ಕೇಳಿದರು, "ಏನಮ್ಮಾ, ಮಂಜೇ ಇಲ್ಲ?"

"ಇತ್ತು ಸಾರ್. ನಿಮ್ಮ ದಾರಿ ನೋಡಿ ನೋಡಿ ಈಗ್ತಾನೆ ಹೋಯ್ತು."

"ಮತ್ತೆ ಯಾವಾಗ ಬರುತ್ತೆ?"

"ನಾಳೆ. ಆದ್ರೆ ಅದು ನಿಮ್ಮಂಗಲ್ಲ, ಬೇಗ ಏಳ್ತದೆ."

ಆ ಹೊತ್ತಿಗೆ ಸರಿಯಾಗಿ ಹಿಂದಿನ ಮನೆಯವನು ಹಸುಗಳಿಗೆ ಕಚ್ಚುವ ನೊಣ ಓಡಿಸಲು ಕೊಟ್ಟಿಗೆಯಲ್ಲಿ ಹಸಿ ಬೇವಿನ ಸೊಪ್ಪು ಹಾಕಿ ಹೊಗೆ ಎಬ್ಬಿಸಿದ. ಹೊಗೆ ದಪ್ಪಗೆ ಬೇಲಿ ದಾಟಿ ಬಂತು. ಕಾರಿನವರೆಲ್ಲ ಅದರೊಳಕ್ಕೆ ನುಗ್ಗಿದರು. ಕೈ ಚಾಚಿಕೊಂಡು, ಕಣ್ಣು ಮುಚ್ಚಿಕೊಂಡು ನಿಂತರು. ಕಣ್ಣು ಮುಚ್ಚದಿದ್ದರೆ ಆ ಹೊಗೆಯಲ್ಲಿ ಯಾರಿಗೂ ನಿಲ್ಲಲಾಗುವುದಿಲ್ಲ, ಅದು ಬೇರೆ ಮಾತು. ಒಬ್ಬರು ಕೆಮ್ಮುತ್ತಾ, "ಎಂಥಾ ಶುದ್ಧ ಗಾಳಿ," ಅಂದರು.

ನಾನು ಹೇಳಿಬಿಡೋಣ ಅಂತ ಹೊರಟೆ. ಅಕ್ಕ ತಡೆದಳು. "ಬಿಡಣ್ಣಾ. ನೊಣ ಹೋಗ್ತವೆ, ಅವರ್ಗೂ ಒಳ್ಳೇದೇ."

ಹಳ್ಳಿಯ ಹಿರಿಯರು

ಊರಾಚೆ ಹೊಲದಲ್ಲಿ ಯಾರೋ ಒಂದು ಹೋಮ್‌ಸ್ಟೇ ಕಟ್ಟಿದರು. ನಮ್ಮವರೆಲ್ಲ ಹುಲ್ಲಿನ ಮನೆ ಕಿತ್ತು ತಾರಸಿ ಹಾಕಿಸಿಕೊಳ್ಳುತ್ತಿದ್ದಾಗ ಇವರು ತಾರಸಿ ಹಾಕಿ ಅದರ ಮೇಲೆ ಹುಲ್ಲು ಹೊದಿಸಿದರು. ಬಾಗಿಲಲ್ಲಿ ಜಗಲಿ, ಜಗಲಿ ಮೇಲೆ ಬೀಸುವ ಕಲ್ಲು. ಎಲ್ಲ ಆದ ಮೇಲೆ ಜಗಲಿ ಬಿಕೋ ಅನ್ನಿಸಿತಂತೆ. ಬಂದವರ ಜೊತೆ ಮಾತಾಡಲು ಹಳ್ಳಿಯ ಹಿರಿಯರೊಬ್ಬರು ಬೇಕು ಅಂತ ಮ್ಯಾನೇಜರು ಊರಿಗೆ ಬಂದ.

ಹಿರಿಯರೆಲ್ಲ ಹೊಲದಲ್ಲಿದ್ದರು. ಖಾಲಿ ಕೂತಿದ್ದದ್ದು ನಮ್ಮ ಎದುರು ಮನೆ ತಾತ ಒಬ್ಬರೇ. ಮೀಸೆ ಬೆಳ್ಳಗಿತ್ತು, ಮ್ಯಾನೇಜರಿಗೆ ಅಷ್ಟು ಸಾಕಾಯಿತು. ಆದರೆ ತಾತ ನೇಗಿಲು ಹಿಡಿದವರಲ್ಲ. ಹುಡುಗನಾಗಿದ್ದಾಗಲೇ ಮೂಕಂಡಪಲ್ಲಿಯ ಕಾರ್ಖಾನೆ ಸೇರಿ, ಲೇತ್ ಮಿಷನ್ನಿನ ಮುಂದೆ ನಿಂತು ನಿಂತೇ ರಿಟೈರಾದವರು. ಪಂಚೆಗಿಂತ ಪ್ಯಾಂಟೇ ಅವರಿಗೆ ಒಗ್ಗುವುದು. ಪೇಟ ಸುತ್ತಿಕೊಳ್ಳಲು ಬರಲಿಲ್ಲ. ಮ್ಯಾನೇಜರೇ ಫೋನಿನಲ್ಲಿ ನೋಡಿ ಕಲಿತು, ದಿನಾ ಬೆಳಿಗ್ಗೆ ಅವರ ತಲೆಗೆ ಸುತ್ತುತ್ತಿದ್ದ.

ಇದು ನನಗೆ ಸರಿಬರಲಿಲ್ಲ. "ಏನ್ ತಾತಾ, ನಮ್ ಬಾಳ್ನ ಗೊಂಬೆ ಆಟ ಮಾಡ್ಯವ್ರೆ, ನೀನೂ ಹೋಗಿ ಗೊಂಬೆ ಆಗಿದ್ದೀಯಲ್ಲ?" ಅಂತ ಜಗಳಕ್ಕೇ ಹೋದೆ.

"ಲೋ, ಕೂತ್ಕೊಂಡು ಮಾಡೋ ಕೆಲ್ಸ ಕಣ್ಲಾ," ಅಂದರು ತಾತ. "ಜೀವಮಾನದಾಗೆ ಈಗ ಸಿಕ್ಕೈತೆ. ಕೆಡಿಸ್ಬೇಡ."

ಅಷ್ಟರಲ್ಲಿ ಕಾಲೇಜು ಹುಡುಗಿಯರ ಒಂದು ಗುಂಪು ಬಂದು ಅವರ ಕಾಲಬಳಿ ಕೂತಿತು. ಒಬ್ಬಳು ಫೋನು ಹಿಡಿದು, ದನಿ ಮೆತ್ತಗೆ ಮಾಡಿ, "ತಾತಾ, ನಿಮ್ಮ ಕಾಲದಲ್ಲಿ ಬದುಕು ಹೇಗಿತ್ತು? ಕೋಳಿ ಕೂಗಿದಾಗ ಎದ್ದು, ಸೂರ್ಯ ಮುಳುಗಿದಾಗ ಮಲಗಿ..." ಅಂತ ಕೇಳಿದಳು.

ತಾತ ಪೇಟ ಸರಿ ಮಾಡಿಕೊಂಡರು. ದೂರಕ್ಕೆ ನೋಡಿದರು. ನಿಟ್ಟುಸಿರು ಬಿಟ್ಟರು.

"ಮೂರು ಶಿಫ್ಟಮ್ಮ," ಅಂದರು.

ಹಾಡುವ ಅಮ್ಮ

ರಾಗಿ ತೆನೆ ಬಲಿತಾಗ ಜವಳಗಿರಿ ಕಾಡಿನಿಂದ ಆನೆ ಇಳಿಯುತ್ತದೆ. ಹೊಲದವರು ಪಟಾಕಿ ಹಚ್ಚಿ, ಡಬ್ಬ ಬಡಿದು ಓಡಿಸುತ್ತಾರೆ. ಇದರಲ್ಲಿ ಮಜಾ ಏನೂ ಇಲ್ಲ. ಆನೆಗೆ ಸಿಕ್ಕಿ ಸತ್ತವರ ಮನೆಗಳು ಈ ಕಡೆ ಇವೆ.

ಒಂದು ಸಂಜೆ ಹೋಮ್‌ಸ್ಟೇ ಪಕ್ಕದ ಹೊಲಕ್ಕೆ ಒಂದು ಒಂಟಿ ಸಲಗ ಬಂತು. ಹೊಲದವನು ಪಟಾಕಿ ಹಚ್ಚಿದ. ಅದು ಕೇರ್ ಮಾಡದೆ ರಾಗಿ ಕಿತ್ತು, ಬೇರಿನ ಮಣ್ಣು ಕಾಲಿಗೆ ಕೊಡವಿ ತಿನ್ನುತ್ತಾ ನಿಂತಿತ್ತು. ಪಟಾಕಿ ಸದ್ದು ಕೇಳಿದ ಅತಿಥಿಗಳು ಊರಲ್ಲಿ ಹಬ್ಬ ಅಂದುಕೊಂಡರು. ತಾವೂ ಸೇರೋಣ ಅಂತ ಅಂಗಳಕ್ಕೆ ದೊಡ್ಡ ಸ್ಪೀಕರು ತಂದಿಟ್ಟರು. ಅವರಲ್ಲಿ ಒಬ್ಬ ಅಮ್ಮ ಮೈಕು ಹಿಡಿದು ಹಾಡಲು ಶುರು ಮಾಡಿದರು.

ಆ ಹಾಡಿನ ಬಗ್ಗೆ ನಾನು ಏನೂ ಹೇಳುವುದಿಲ್ಲ. ಆನೆ ಒಂದು ಸಲ ಕಿವಿ ಅಗಲಿಸಿತು. ಬಾಯಲ್ಲಿದ್ದ ರಾಗಿ ಬಾಯಲ್ಲೇ ಇತ್ತು. ಆ ಅಮ್ಮ ದನಿ ಏರಿಸಿದರು. ಆನೆ ತಿರುಗಿ, ಬಂದ ದಾರಿಯಲ್ಲೇ ಕಾಡಿಗೆ ನಡೆಯಿತು, ಓಡಿತು ಅಂದರೂ ಸುಳ್ಳಲ್ಲ.

ಮಾರನೆಯ ದಿನ ನಾನು ಆ ಹೊಲದವನನ್ನು ಕರೆದುಕೊಂಡು ಹೋಮ್‌ಸ್ಟೇಗೆ ಹೋದೆ. ಕಾಡಿನ ಅಂಚಿನಲ್ಲಿ ಸ್ಪೀಕರು ಹಾಕುವುದು ತಪ್ಪು, ಇದನ್ನು ನಿಲ್ಲಿಸಿ ಅಂತ ದಬಾಯಿಸಬೇಕಿತ್ತು. ನಾನು ಮುಕ್ಕಾಲು ದಬಾಯಿಸಿ ಆಗಿತ್ತು. ಹೊಲದವನು ನನ್ನನ್ನು ಪಕ್ಕಕ್ಕೆ ಸರಿಸಿ, ಕೈ ಮುಗಿದು ಮ್ಯಾನೇಜರನ್ನು ಕೇಳಿದ:

"ಸಾರ್, ಆ ಹಾಡೋ ಅಮ್ಮ ಕುಯ್ಲು ಮುಗಿಯಗಂಟ ಇರ್ತಾರಾ?"

ಅರ್ಜಿ

ಬಸ್ಸಿನ ವಿಷಯಕ್ಕೆ ಅರ್ಜಿ ಕೊಡಲು ಒಂದು ಆಫೀಸಿಗೆ ಹೋದೆ. ಯಾವುದು ಅಂತ ಬರೆಯುವುದಿಲ್ಲ, ಎಲ್ಲ ಕಡೆಯೂ ಅದೇ ಮೇಜು, ಅದೇ ಫ್ಯಾನು. ಸಾಹೇಬರು ತಮಿಳಿನಲ್ಲಿ ಬಹಳ ಮರ್ಯಾದೆಯಿಂದ ಕೂರಲು ಹೇಳಿದರು. ಕೆರೆ ಏರಿಯ ಮೇಲೆ ಕಾರು ನಿಲ್ಲಿಸುತ್ತಾರೆ, ಒಡೆದ ಬಾಟಲಿ ಗದ್ದೆಗೆ ಎಸೆಯುತ್ತಾರೆ, ಬಸ್ಸಿಗೆ ದಾರಿಯಿಲ್ಲ ಅಂತ ಪೂರ್ತಿ ಹೇಳಿದೆ. ನನ್ನ ದನಿ ಸ್ವಲ್ಪ ಏರಿದ್ದಿರಬಹುದು, ಹೊರಗಿನ ಜವಾನ ಬಾಗಿಲು ಮುಚ್ಚಿದ.

ಸಾಹೇಬರ ಮುಖ ಅರಳಿತು. "ಆ ಕೆರೆ ನಿಮ್ಮೂರದಾ?" ಅಂದು ಫೋನು ತೆಗೆದು ತೋರಿಸಿದರು. ಹೋದ ಭಾನುವಾರದ್ದು. ಸಾಹೇಬರು, ಅವರ ಮನೆಯವರು, ಮಗಳು, ಹಿಂದೆ ನಮ್ಮ ಕೆರೆ. ಮೂಲೆಯಲ್ಲಿ ಅಡ್ಡಡ್ಡ ನಿಂತ ಬಿಳಿ ಕಾರು ಅವರದೇ.

"ಆದರೆ ನೋಡಿ," ಅಂದರು, "ಗಾಡಿ ನಿಲ್ಲಿಸಲು ಅಲ್ಲಿ ಬಹಳ ಕಷ್ಟ ಆಯಿತು. ಅದರ ಬಗ್ಗೆ ನೀವು ಒಂದು ಅರ್ಜಿ ಕೊಡಬೇಕು."

ಮರಿಯಲ್

ಇನ್ನು ಅರ್ಜಿಯಿಂದ ಆಗುವುದಿಲ್ಲ ಅಂತ ಮರಿಯಲ್‌ಗೆ ಕರೆ ಕೊಟ್ಟೆ. ರಸ್ತೆ ತಡೆಗೆ ಇಲ್ಲಿ ನಾವು ಅನ್ನುವುದು ಹಾಗೆ. ಮುಂದಿನ ಭಾನುವಾರ ಕೆರೆ ಏರಿಯ ಮೇಲೆ ಊರೆಲ್ಲ ಅಡ್ಡ ಕೂರುವುದು, ಒಂದು ಕಾರನ್ನೂ ಬಿಡದಿರುವುದು. ಟೀ ಅಂಗಡಿಯಲ್ಲಿ ಗಂಡಸರೆಲ್ಲ ಒಪ್ಪಿದರು. ಬಸ್ಸಿನ ಡ್ರೈವರೂ ಬಂದು ಹೇಳಿದ್ದ, ಈ ಭಾನುವಾರವೂ ದಾರಿ ಸಿಗದಿದ್ದರೆ ಟ್ರಿಪ್ಪು ತೆಗೆಯುವುದು ಗ್ಯಾರಂಟಿ ಅಂತ. ಪೊಲೀಸ್ ಸ್ಟೇಷನ್ನಿಗೂ ತಿಳಿಸಿದೆ. ಬ್ಯಾನರು ಬರೆಸಿದೆ. ಹೆಂಗಸರಿಗೆ ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

ಭಾನುವಾರ ಬೆಳಿಗ್ಗೆ ಬ್ಯಾನರು ಹಿಡಿದು ಏರಿ ಹತ್ತಿದರೆ, ರಸ್ತೆಯೇ ಕಾಣಲಿಲ್ಲ. ಈ ತುದಿಯಿಂದ ಆ ತುದಿಗೆ ಹುರುಳಿ ಗಿಡ ಹಾಸಿತ್ತು.

ನಮ್ಮ ಕಡೆ ಇದು ಮೊದಲಿಂದ ಇರುವ ಪದ್ಧತಿ. ಕಿತ್ತು ಒಣಗಿಸಿದ ಹುರುಳಿಯನ್ನು ಟಾರು ರಸ್ತೆ ಮೇಲೆ ಹರಡಿದರೆ, ಹೋಗಿ ಬರುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಯಿ ಒಡೆದು ಕಾಳು ಉದುರುತ್ತದೆ. ಆಮೇಲೆ ಗುಡಿಸಿ ತೂರಿಕೊಂಡರೆ ಆಯಿತು. ಊರ ಹೆಂಗಸರೆಲ್ಲ ಕವೆಗೋಲು ಹಿಡಿದು ನಿಂತಿದ್ದರು. ಮುಂದೆ ನಮ್ಮಮ್ಮ.

"ಅಮ್ಮಾ, ಇದನ್ನ ತೆಗೀರಿ. ಇವತ್ತು ಮರಿಯಲ್ ಐತೆ. ಒಂದು ಕಾರೂ ಬರಾಕಿಲ್ಲ."

"ಬರಾಕಿಲ್ವಾ? ಯಾಕ್ ಬರಾಕಿಲ್ಲ?" ಅಮ್ಮ ಗಾಬರಿಯಾದಳು. "ವಾರವೆಲ್ಲಾ ಈ ರೋಡ್ನಾಗೆ ಒಂದು ಬಸ್ಸು, ಎರಡು ಮೊಪೆಡ್ಡು. ಭಾನುವಾರ ಅಂತಾನೇ ಎಲ್ರೂ ಕಾಯ್ಕೊಂಡು ಹಾಕವ್ರೆ. ನಿನ್ ಮರಿಯಲ್‌ನ ಮಧ್ಯಾನ್ದ ಮೇಲೆ ಇಕ್ಕೋ ಹೋಗ್ಲಾ."

"ಹೋರಾಟಾನ ಹಂಗೆಲ್ಲ ಮುಂದಕ್ಕಾಕೋಕಾಗಲ್ಲ ಅಮ್ಮಾ."

"ಹುರುಳೀನ ಮುಂದಕ್ಕಾಕೋಕಾಯ್ತದಾ?"

ಬೆಂಬಲಕ್ಕೆ ಹಿಂದೆ ತಿರುಗಿ ನೋಡಿದೆ. ನನ್ನ ಜೊತೆ ಬಂದಿದ್ದ ಗಂಡಸರಲ್ಲಿ ಅರ್ಧ ಜನ ಆಗಲೇ ಗಿಡ ತಿರುವುತ್ತಿದ್ದರು. ಉಳಿದವರು ಮನೆಗೆ ಮೊರ ತರಲು ಹೋಗಿದ್ದರು. ಬ್ಯಾನರಿನ ಇನ್ನೊಂದು ತುದಿ ಹಿಡಿದಿದ್ದವನು ಅದನ್ನು ಮೆಲ್ಲಗೆ ನನ್ನ ಕೈಗೇ ಕೊಟ್ಟು, "ನಮ್ದೂ ಸ್ವಲ್ಪ ಐತಣ್ಣಾ," ಅಂದ.

ಕಾರುಗಳು ಬಂದವು. ಮೊದಲಿನವರು ಹುರುಳಿ ನೋಡಿ ಬ್ರೇಕು ಹಾಕಿ, "ಇದರ ಮೇಲೆ ಹೋಗಬಹುದಾ?" ಅಂತ ಕೇಳಿದರು.

"ಹೋಗಪ್ಪಾ, ಮೆಲ್ಲಕ್ಕೆ ಹೋಗು. ಚಕ್ರ ಈ ಕಡೀಕೆ ಬಿಡು, ಆ ಕಡೆ ಆಗೈತೆ," ಅಂದಳು ಅಮ್ಮ.

ಅವರು ದಾಟಿ, ಬದಿಗೆ ನಿಲ್ಲಿಸಿ ಫೋಟೊ ತೆಗೆಯಲು ನೋಡಿದರು. ಅಮ್ಮ ಕವೆಗೋಲು ಅಡ್ಡ ಹಿಡಿದಳು. "ನಿಂತ್ಕೊಂಡ್ರೆ ಕಾಳು ಬೀಳ್ತದಾ? ಮುಂದಕ್ಕೆ ಹೋಗಿ ತಿರುಗಿಸ್ಕೊಂಡು ಬಾ." ಯಾರು ನಿಲ್ಲಿಸಲು ಹೋದರೂ ಒಬ್ಬಳು ಕೋಲು ಹಿಡಿದು ಬರುತ್ತಿದ್ದಳು. ಕಾರಿನವರಿಗೆ ಇದು ಬಹಳ ಹಿಡಿಸಿತು. ಹೋದರು, ತಿರುಗಿದರು, ಬಂದರು, ಮತ್ತೆ ಹೋದರು. ಮಕ್ಕಳು ಕಿಟಕಿಯಿಂದ ಕೈ ಬೀಸಿದರು. ಕೆರೆಯನ್ನು ಆ ದಿನ ಯಾರೂ ನೋಡಲಿಲ್ಲ.

ಮರಿಯಲ್ ಅಂತ ಇನ್ಸ್‌ಪೆಕ್ಟರು ಜೀಪು ತುಂಬ ಪೊಲೀಸರ ಜೊತೆ ಬಂದರು. ಬ್ಯಾನರು ಹಿಡಿದು ಒಬ್ಬನೇ ನಿಂತಿದ್ದ ನನ್ನನ್ನು ನೋಡಿದರು, ಓಡಾಡುತ್ತಿದ್ದ ಕಾರುಗಳನ್ನು ನೋಡಿದರು. "ನೀನು ಗಾಡಿ ತಡೆಯೋಕೆ ಬಂದವನಾ, ಓಡಿಸೋಕೆ ಬಂದವನಾ?" ಅಂತ ಕೇಳಿದರು. ನಾನು ಬ್ಯಾನರು ಎತ್ತಿ ತೋರಿಸುವಷ್ಟರಲ್ಲಿ ಅಮ್ಮ ಜೀಪಿನ ಹಿಂದೆ ನಿಂತು, "ಸಾರ್, ಹಂಗೇ ಒಂಚೂರು ರಿವರ್ಸು. ಆ ಮೂಲೆ ಉಳ್ಕೊಂಬುಟ್ಟೈತೆ," ಅಂದಳು. ಇನ್ಸ್‌ಪೆಕ್ಟರ ಊರು ಯಾವುದೋ ಗೊತ್ತಿಲ್ಲ, ಅವರೂ ಹುರುಳಿ ಕಂಡವರೇ ಇರಬೇಕು. ಜೀಪು ಹಿಂದಕ್ಕೆ ಹೋಯಿತು.

ಆಗ ನಾನು ನೋಡಿದೆ. ಏರಿಯ ಎರಡು ಬದಿಯೂ ಖಾಲಿ. ನಿಂತ ಕಾರು ಒಂದೂ ಇಲ್ಲ. ಕೂಟು ರೋಡಿನ ಕಡೆಯಿಂದ ಹಾರನ್ನು ಕೇಳಿಸಿತು. ಹೂವಿನ ಮೂಟೆ ಇಟ್ಟುಕೊಂಡು ಕಾಯುತ್ತಿದ್ದವರು ಎದ್ದು ನಿಂತರು. ಎಷ್ಟೋ ತಿಂಗಳ ಮೇಲೆ ಭಾನುವಾರದ ಹನ್ನೊಂದು ಗಂಟೆ ಬಸ್ಸು ಏರಿ ಹತ್ತಿ, ಹುರುಳಿ ಮೇಲೆ ಚರಚರ ಸದ್ದು ಮಾಡಿಕೊಂಡು, ಊರೊಳಕ್ಕೆ ಬರುತ್ತಿತ್ತು.

ಆ ಟ್ರಿಪ್ಪು ಇವತ್ತಿಗೂ ಇದೆ. ಹುರುಳಿ ಆದ ಮೇಲೆ ರಾಗಿ, ರಾಗಿ ಆದ ಮೇಲೆ ಏನೂ ಇಲ್ಲದಿದ್ದರೆ ಹಳೇ ಹುಲ್ಲನ್ನಾದರೂ ಏರಿಯ ಬದಿಗೆ ಹರಡಿ, ಒಬ್ಬಳು ಕೋಲು ಹಿಡಿದು ಕೂತಿರುತ್ತಾಳೆ. ಆದರೆ ಆ ದಿನ ಇದೆಲ್ಲ ನನಗೇನು ಗೊತ್ತು? ನನ್ನ ಕಣ್ಣಲ್ಲಿ ನೀರು ಬಂದಿತ್ತು. ಬಸ್ಸಿನ ಮುಂದೆ ನಿಂತು, ಇದು ನಮ್ಮ ಹೋರಾಟಕ್ಕೆ ಸಂದ ಜಯ ಅಂತ ಭಾಷಣ ಶುರು ಮಾಡಿದೆ. ಡ್ರೈವರು ಎಂಜಿನ್ ಆಫ್ ಮಾಡಿ, ಕಿಟಕಿಯಲ್ಲಿ ತಲೆ ಹಾಕಿ ಕೇಳುತ್ತಿದ್ದ.

ಅಮ್ಮ ಬಂದು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ಮಾತು ಆಮೇಲಾಡ್ಲಾ. ಬಸ್ನ ಇನ್ನೊಂದು ಕಿತ ಹಿಂದಕ್ಕೆ ಹೋಗಿ ಬರಾಕೆ ಹೇಳು. ಅದರ ಚಕ್ರ ಎಷ್ಟು ಅಗಲ ಐತೆ ನೋಡು."