ಮಂತ್ರವಾದಿಯ ಕಬ್ಬಿಣದಂಗಿ

ಮರ್ಯಾದಸ್ಥನಾದ ಗಂಡಸು ಹೆಂಡತಿಯ ತಾಯಿಯ ಹೆಗಲೇರಿ ಎಷ್ಟು ಸಲ ಸವಾರಿ ಮಾಡಬಹುದು? ಕನ್ನಡಕದಂಗಡಿಯ ಯಜಮಾನರು ಮೂರು ತಿಂಗಳಲ್ಲಿ ಏಳು ಸಲ ಮಾಡಿದ್ದರು. (ಗಾಬರಿಯಾಗಬೇಡಿ, ನಿಜವಾದ ಹೆಗಲಲ್ಲ. ಅತ್ತೆಯವರಿಗೆ ಮಂಡಿಯ ಆಪರೇಷನ್ ಆಗಿ ಇನ್ನೂ ವರ್ಷ ತುಂಬಿಲ್ಲ.)

ವಿಷಯ ಇಷ್ಟೆ. ಪ್ರತಿ ಭಾನುವಾರ ಮಧ್ಯಾಹ್ನ ಊಟದ ಮೇಜು ಒರೆಸಿದ ಮೇಲೆ ಅದೇ ಮೇಜಿನ ಸುತ್ತ ಕೂತು ಆ ಮನೆಯವರು ಒಂದು ಆಟ ಆಡುತ್ತಾರೆ. ಒಬ್ಬೊಬ್ಬರಿಗೂ ಒಂದು ಪಾತ್ರ, ಒಂದು ಹಾಳೆ, ಇಪ್ಪತ್ತು ಮುಖದ ಒಂದು ದಾಳ. ಭೂಗೋಳದ ಟೀಚರಾದ ಹೆಂಡತಿ ಕಥೆ ನಡೆಸುವವಳು. ಕಾಡು, ಕಣಿವೆ, ರಾಕ್ಷಸರೆಲ್ಲ ಅವಳ ಸುಪರ್ದಿ. ಕಾಲೇಜಿಗೆ ಹೋಗುವ ಮಗಳದು ಕಳ್ಳಿಯ ಪಾತ್ರ. ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿದ್ದು ನಿವೃತ್ತರಾದ ಅತ್ತೆಯವರು ಯೋಧೆ. ನಮ್ಮ ಯಜಮಾನರು ಮಂತ್ರವಾದಿ.

ಮಂತ್ರವಾದಿ ಅಂದರೆ ತಲೆಯ ತುಂಬ ವಿದ್ಯೆ, ಮೈಮೇಲೆ ಬರೀ ಒಂದು ಹತ್ತಿಯ ನಿಲುವಂಗಿ. ಯುದ್ಧ ಶುರುವಾಗಿ ಎರಡನೇ ಸುತ್ತು ಮುಗಿಯುವಷ್ಟರಲ್ಲಿ ಯಾವುದಾದರೊಂದು ಬಾಣ ವಿಳಾಸ ವಿಚಾರಿಸಿಕೊಂಡು ಅವರ ಬಳಿಗೇ ಬರುತ್ತಿತ್ತು, ಮಂತ್ರವಾದಿ ಪ್ರಜ್ಞೆ ತಪ್ಪಿ ಉರುಳುತ್ತಿದ್ದ. "ಬಿದ್ರಾ? ಸರಿ, ಎತ್ಕೊಂಡೆ," ಎಂದು ಅತ್ತೆ ಸ್ವೆಟರ್ ಹೆಣೆಯುವುದನ್ನೂ ನಿಲ್ಲಿಸದೆ ಹೇಳುತ್ತಿದ್ದರು. ಮಗಳು ಮುಸಿಮುಸಿ ನಗುತ್ತಿದ್ದಳು. ಯಜಮಾನರಿಗೆ ಅದೇ ಚುಚ್ಚುತ್ತಿತ್ತು. ಒಂದೇ ಒಂದು ಯುದ್ಧವನ್ನಾದರೂ ಅತ್ತೆಯ ಮುಂದೆ ಸ್ವಂತ ಕಾಲಿನ ಮೇಲೆ ನಿಂತು ಮುಗಿಸಬೇಕು ಎಂಬುದೇ ಅವರ ಜೀವಮಾನದ ಹಂಬಲವಾಗಿಬಿಟ್ಟಿತು.

ಅವಕಾಶವೂ ಬಂತು. ತಂಡ ನಾಲ್ಕರಿಂದ ಐದನೇ ಲೆವೆಲ್ಲಿಗೆ ಏರುವುದಿತ್ತು. ಮಂತ್ರವಾದಿಯಾಗಿಯೇ ಏರಿದರೆ ಬೆಂಕಿಯುಂಡೆಯ ಮಂತ್ರ ಒಲಿಯುತ್ತದೆ. ಒಂದೇ ಏಟಿಗೆ ಒಂದು ದಂಡು ಬೂದಿ. ಅದರ ಬದಲು ಈ ಒಂದು ಲೆವೆಲ್ಲಿಗೆ ಯೋಧನ ಕಸುಬು ಹಿಡಿದರೆ ಕಬ್ಬಿಣದ ಕವಚ ತೊಡಬಹುದು. ಆಗ ಬೆಂಕಿಯುಂಡೆ ಮುಂದಿನ ಲೆವೆಲ್ಲಿಗೆ, ಅಂದರೆ ಹೆಂಡತಿ ಕಥೆ ಎಳೆಯುವ ಲೆಕ್ಕದಲ್ಲಿ ಇನ್ನು ಮೂರು ತಿಂಗಳಿಗೆ.

ಯಜಮಾನರು ಮೀನ ಮೇಷ ಎಣಿಸತೊಡಗಿದರು. ದಿನವಿಡೀ ಗಿರಾಕಿಗಳ ಕಣ್ಣಿಗೆ ಗಾಜು ಬದಲಾಯಿಸುತ್ತ "ಮೊದಲನೇದು ಚೆನ್ನಾಗಿದೆಯಾ, ಎರಡನೇದಾ?" ಎಂದು ಕೇಳುವ ಮನುಷ್ಯ, ತನ್ನ ವಿಷಯಕ್ಕೆ ಬಂದಾಗ ಎರಡರ ಮುಂದೆಯೂ ಮಂಜಾಗಿ ಕೂತರು. ಕೊನೆಗೆ ಗಿರಾಕಿಗಳನ್ನೇ ಕೇಳಿದರು. ಕಣ್ಣಿನ ಪರೀಕ್ಷೆಗೆ ಕೂತವರು, ಮೂಗಿನ ಮೇಲೆ ಅಷ್ಟು ಭಾರದ ಚೌಕಟ್ಟು ಹೊತ್ತು, ಎಲ್ಲಿಗೆ ತಾನೆ ಓಡಿಹೋದಾರು? ಬ್ಯಾಂಕಿನ ಮ್ಯಾನೇಜರು ತಾಳಿದವನು ಬಾಳಿಯಾನು ಅಂದರು. ಪಕ್ಕದ ಔಷಧಿ ಅಂಗಡಿಯಾಕೆ ಒಂದು ಮಾತ್ರೆಯ ಹೆಸರು ಹೇಳಿದಳು.

ತೀರ್ಪು ಕೊಟ್ಟವನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. (ಆತನ ಕಣ್ಣಿನ ನಂಬರು ಎಷ್ಟೆಂದು ಇಲ್ಲಿ ಬರೆದರೆ ನೀವು ಇನ್ನು ರಸ್ತೆಗಿಳಿಯಲಿಕ್ಕಿಲ್ಲ.)

"ಗೇರು ಯಾವಾಗ ಬದಲಾಯಿಸಬೇಕು ಅಂತ ಗಡಿಯಾರ ನೋಡಲ್ಲ ಸಾರ್," ಎಂದ ಆತ. "ಗಾಡಿ ಅಳೋಕೆ ಶುರುಮಾಡುತ್ತಲ್ಲ, ಆಗ ಬದಲಾಯಿಸ್ತೀವಿ. ನಿಮ್ಮ ಗಾಡಿ ಅಳ್ತಾ ಇದೆಯಾ?"

"ಮೂರು ತಿಂಗಳಿಂದ ಗೊಳೋ ಅಂತಿದೆ."

"ಮತ್ತೆ ಯಾಕೆ ಕಾಯ್ತೀರಿ?"

ಆ ಮನೆಯ ಆಟದಲ್ಲಿ ಒಂದು ಪದ್ಧತಿ. ಲೆವೆಲ್ ಏರಿದವರು ತಾವು ಆರಿಸಿಕೊಂಡಿದ್ದನ್ನು ಚೀಟಿಯಲ್ಲಿ ಬರೆದು ಹೆಂಡತಿಯ ಕೈಗೆ ಕೊಡಬೇಕು. ಬೇರೆಯವರಿಗೆ ಹೇಳುವುದು ಬಿಡುವುದು ಅವರವರ ಇಷ್ಟ. ಹೆಂಡತಿ ಮಾತ್ರ ತುಟಿ ಬಿಚ್ಚುವಂತಿಲ್ಲ. ಶನಿವಾರ ಸಂಜೆ ಅವಳು ಗಂಡನ ಚೀಟಿ ಓದಿದಳು. ಇನ್ನೊಂದು ಸಲ ಓದಿದಳು.

"ರೀ, ಯೋಚ್ನೆ ಮಾಡಿ ಬರೆದಿದ್ದೀರಾ?"

"ಅಳೆದು ಸುರಿದು ಬರೆದಿದ್ದೀನಿ. ಊರಲ್ಲಿ ಹದಿನಾಲ್ಕು ಜನರನ್ನ ಕೇಳಿದ್ದೀನಿ."

"ಅಮ್ಮನ್ನ ಕೇಳಿದ್ರಾ?"

"ನಿಮ್ಮಮ್ಮನ್ನ ಯಾಕೆ ಕೇಳ್ಲಿ? ನಾಳೆ ಕವಚ ತೊಟ್ಕೊಂಡು ನಿಂತಾಗ ಅವರೇ ನೋಡ್ತಾರೆ."

ಹೆಂಡತಿ ಬಾಯಿ ತೆರೆದಳು, ಪದ್ಧತಿ ನೆನಪಾಗಿ ಮುಚ್ಚಿದಳು. ತಮ್ಮ ಜಾಣತನಕ್ಕೆ ಅವಳು ಮೂಕಳಾದಳೆಂದೇ ಯಜಮಾನರು ತಿಳಿದರು.

ಭಾನುವಾರ ತೋಳಗಳು ಬಂದವು. ಒಂದೆರಡಲ್ಲ, ಮೂವತ್ತು. ಯಜಮಾನರು ಕುರ್ಚಿಯ ತುದಿಗೆ ಸರಿದು ಕೂತು ಮೀಸೆ ತಿರುವಿದರು. ಆದರೆ ಅವರ ಸರದಿ ಬರುವ ಮೊದಲೇ ಅತ್ತೆ ಅವರನ್ನು ಹಿಂದೆ ನಿಲ್ಲಿಸಿ ಮೊಮ್ಮಗಳ ಕಡೆ ತಲೆಯಾಡಿಸಿದರು. ಇಬ್ಬರೂ ಸೇರಿ ಕೂಗು ಹಾಕುತ್ತ, ಕಲ್ಲೆಸೆಯುತ್ತ, ಮೈಯೆಲ್ಲ ಕಚ್ಚಿಸಿಕೊಳ್ಳುತ್ತ, ಮೂರು ಸುತ್ತಿನಲ್ಲಿ ಮೂವತ್ತು ತೋಳಗಳನ್ನೂ ಒಂದು ಇಕ್ಕಟ್ಟಾದ ಕಣಿವೆಯೊಳಗೆ ನುಗ್ಗಿಸಿದರು. ಆಮೇಲೆ ಅತ್ತೆ ಹೆಣೆಯುವ ಕಡ್ಡಿಗಳನ್ನು ಮೇಜಿನ ಮೇಲಿಟ್ಟರು. ಅದುವರೆಗೆ ಅವರು ಯಾವ ಯುದ್ಧಕ್ಕೂ ಕಡ್ಡಿ ಕೆಳಗಿಟ್ಟಿರಲಿಲ್ಲ.

"ಹೂಂ, ಅಳಿಯಂದ್ರೇ. ಬಿಡಿ."

"ಏನನ್ನ?"

"ಬೆಂಕಿಯುಂಡೆ. ಐದಕ್ಕೆ ಬಂದ್ರಲ್ಲ."

ಹೆಂಡತಿ ಚಾವಣಿ ನೋಡುತ್ತಿದ್ದಳು.

"ಅದು... ನಾನು ಈ ಸಲ ಕವಚ ತಗೊಂಡೆ ಅತ್ತೆ."

"ಅಪ್ಪಾ, ಏನ್ ತಗೊಂಡೆ?" ಎಂದಳು ಮಗಳು.

"ಮತ್ತೆ ನಾನು ಮೂರು ತಿಂಗಳು ಹೊತ್ತಿದ್ದು ಯಾಕೆ ಅನ್ಕೊಂಡ್ರಿ?" ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ.

"ಪಾಪ ಅಂತ ಅನ್ಕೊಂಡೆ."

"ಪಾಪ ಅಂತ ಒಂದು ಸಲ ಹೊರ್ತಾರೆ. ಏಳು ಸಲ ಹೊರ್ತಾರಾ? ಈ ಮನುಷ್ಯ ಐದಕ್ಕೆ ಬರ್ಲಿ, ಆಮೇಲೆ ನಮ್ಮನ್ನೆಲ್ಲ ಕಾಯೋನು ಇವನೇ ಅಂತ ನಂಬಿ ಹೊತ್ತೆ."

ಯಜಮಾನರ ಮುಖ ಹುಳ್ಳಗಾಯಿತು. ಊರಿನ ಹದಿನಾಲ್ಕು ಜನರನ್ನು ಕೇಳಿ, ಹೊತ್ತವರೊಬ್ಬರನ್ನು ಮಾತ್ರ ಬಿಟ್ಟಿದ್ದರು. ನಾಚಿಕೆಯೇನೋ ಬೆಟ್ಟದಷ್ಟಾಯಿತು, ಆದರೆ ಇಷ್ಟು ದಿನ ತಮ್ಮನ್ನು ಅತ್ತೆ ಇಷ್ಟೊಂದು ನಂಬಿದ್ದರೆಂದು ತಿಳಿದು ಒಳಗೊಳಗೇ ಹಿಗ್ಗೂ ಆಯಿತು. ಆ ಹಿಗ್ಗಿನಲ್ಲಿ ಅವರು ಎದ್ದೇ ನಿಂತುಬಿಟ್ಟರು.

"ನೀವಿಬ್ರೂ ಗುಡ್ಡ ಹತ್ತಿ. ಕಣಿವೆ ಬಾಯಲ್ಲಿ ನಾನು ನಿಲ್ತೀನಿ."

ನಿಂತರು ಕೂಡ. ಎರಡನೇ ಸುತ್ತು ದಾಟಿತು, ಮೂರನೆಯದೂ ದಾಟಿತು. ನಾಲ್ಕನೆಯದರಲ್ಲಿ ದಾಳ ಉರುಳಿಸಿದರೆ ಬಿದ್ದದ್ದು ಒಂದು, ಇಪ್ಪತ್ತರಲ್ಲಿ ಅತಿ ಕೆಟ್ಟದ್ದು. ಕತ್ತಿ ಕೈ ಜಾರಿತು, ಅದರ ಹಿಂದೆಯೇ ಅವರೂ ಉರುಳಿದರು. ಗುಡ್ಡ ಹತ್ತುತ್ತಿದ್ದ ಯೋಧೆ ತಿರುಗಿ ಇಳಿದು ಬಂದಳು.

"ಎತ್ಕೊಂಡೆ," ಎಂದರು ಅತ್ತೆ.

ಹೆಂಡತಿ ನಿಯಮದ ಪುಸ್ತಕ ತಿರುವಿ ಹಾಕಿದಳು. "ಅಮ್ಮ, ಕವಚದ ಸಮೇತ ಎತ್ತೋಕಾಗಲ್ಲ. ಭಾರ ಮಿತಿ ಮೀರ್ತಿದೆ."

"ಹಾಗಾದ್ರೆ ಬಿಚ್ಚು ಕಣೇ ಅದನ್ನ," ಎಂದು ಅತ್ತೆ ಮೊಮ್ಮಗಳಿಗೆ ಅಪ್ಪಣೆ ಕೊಟ್ಟರು. ಕಳ್ಳಿ ನಾಲ್ಕು ಪಟ್ಟಿ ಕತ್ತರಿಸಿದಳು. ಹದಿನಾಲ್ಕು ಜನರ ಸಲಹೆಯಿಂದ ಸಂಪಾದಿಸಿದ ಕವಚ ತೋಳಗಳ ಪಾಲಾಯಿತು. ಒಳಗಿನ ಹತ್ತಿಯ ನಿಲುವಂಗಿಯಲ್ಲಿ ಯಜಮಾನರು ಎಂಟನೇ ಸಲ ಹೆಗಲೇರಿದರು.

ಗುಡ್ಡದ ಮೇಲೆ ಸುರಕ್ಷಿತವಾಗಿ ತಲುಪಿದ ಮೇಲೆ ಅತ್ತೆ ಕೇಳಿದರು: "ಮುಂದಿನ ಲೆವೆಲ್ಲಿಗೆ ಯಾರನ್ನ ಕೇಳ್ತೀರಿ?"

"ನಿಮ್ಮನ್ನೇ ಅತ್ತೆ. ಇನ್ಮೇಲೆ ಏನಿದ್ರೂ ಮೊದಲು ನಿಮ್ಮನ್ನ ಕೇಳಿ..."

"ಸರಿ, ಈಗ ಸುಮ್ನೆ ಮಲಗಿ," ಎಂದು ಅತ್ತೆ ಕಡ್ಡಿಗಳನ್ನು ಕೈಗೆತ್ತಿಕೊಂಡರು. "ಪ್ರಜ್ಞೆ ತಪ್ಪಿದ ಪೇಷಂಟು ಮಾತಾಡಬಾರದು."