ಬೆಟ್ಟಸ್ವಾಮಿ ಕೊಂಡ ಎರಡು ಸೆಕ್ಸ್‌ಟೆಂಟ್

ಟ್ರಂಕ್ ಕಾಲ್ ಇನ್ನೊಂದು ಗಳಿಗೆ ಉಳಿದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಬೊಂಬಾಯಿಯಿಂದ ತಮ್ಮ ತೋಂಟದಾರ್ಯ ಗಂಟಲು ಹರಿಯುವಂತೆ ಕೂಗುತ್ತಿದ್ದ.

“ಅಣ್ಣಾ, ನೊಣವಿನಕೆರೆ ಗಂಗಾಧರಯ್ಯನೋರು ಹಡಗಲ್ಲಿ ಸೂರ್ಯನ್ನ ಅಳೆಯೋ ಸೆಕ್ಸ್‌ಟೆಂಟ್ ಮಾರ್ತಾರಂತೆ. ಬೇರೆಯೋರ ಪಾಲಾಗೋಕೆ ಮುಂಚೆ ನಂಗೆ ತಗೊಂಡಿಡು. ನಾಳೆ ಸಾಯಂಕಾಲ ಬತ್ತೀನಿ, ಮುಂದಿನ ರೈಲಿಗೇ ವಾಪಸ್ಸು. ಅವರ ಹತ್ರ ಎರಡವೆ, ಅದ್ರಲ್ಲಿ ನಂಗೆ…”

ಲೈನು ಕಟ್ಟಾಯಿತು.

ತಿಪಟೂರಿನ ಕೊಬ್ಬರಿ ಮಂಡಿಯ ಬೆಟ್ಟಸ್ವಾಮಿ ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಅದರ ಹಣೆಬರಹ ಹೇಳಬಲ್ಲವನು. ಆದರೆ ಸಮುದ್ರ ಕಂಡವನಲ್ಲ. ಹಡಗಿನಲ್ಲಿ ಆಫೀಸರಾಗಿದ್ದ ತಮ್ಮ ಅವನನ್ನು ಎಂದೂ ಏನೂ ಕೇಳಿರಲಿಲ್ಲ. ಈಗ ಕೇಳಿದ್ದಾನೆ. ಇರುವುದರಲ್ಲಿ ಒಳ್ಳೆಯದನ್ನೇ ಕೊಡಿಸಬೇಕು.

ಬೆಳಿಗ್ಗೆ ಬಸ್ಸಿಗೆ ಹೊರಟಾಗ ಮಂಡಿಯಲ್ಲಿ ತೂಕ ಹಾಕುವ ಚಿಕ್ಕರಂಗಯ್ಯ ಜೊತೆಗೆ ಹತ್ತಿಕೊಂಡ. “ಯಾಪಾರಕ್ಕೆ ಒಬ್ನೇ ಹೋಗಬಾರ್ದು ಕಣ್ಲಾ.”

ಹಡಗಿನಿಂದ ನಿವೃತ್ತರಾಗಿ ತೋಟದಲ್ಲಿ ನೆಲೆಸಿದ್ದ ಗಂಗಾಧರಯ್ಯ ಎರಡು ಮರದ ಪೆಟ್ಟಿಗೆ ತೆರೆದರು. ಒಂದರಲ್ಲಿ ಹಳೆಯ, ಭಾರದ ಹಿತ್ತಾಳೆಯ ಸೆಕ್ಸ್‌ಟೆಂಟ್. ಬಿಲ್ಲಿನಂಥ ಪಟ್ಟಿಯ ಮೇಲಿನ ಕೂದಲೆಳೆಯ ಗೀಟುಗಳನ್ನು ಭೂತಗನ್ನಡಿಯಲ್ಲಿ ಓದಬೇಕು. ಇನ್ನೊಂದು ಹೊಸದು, ಹಗುರ. ಪುಟ್ಟ ಚಕ್ರ ತಿರುಗಿಸಿದರೆ ಲೆಕ್ಕ ಬರಿಗಣ್ಣಿಗೇ ಸಿಗುತ್ತದೆ.

“ಸೂರ್ಯ ದಿಗಂತದಿಂದ ಎಷ್ಟು ಮೇಲಿದಾನೆ ಅಂತ ಇದ್ರಲ್ಲಿ ಅಳೀತೀವಿ. ಅದ್ರಿಂದ ನಡುನೀರಲ್ಲಿ ಹಡಗು ಎಲ್ಲಿದೆ ಅಂತ ತಿಳಿಯುತ್ತೆ” ಎಂದರು. ತೆಂಗಿನ ಮರಗಳ ನಡುವೆ ದಿಗಂತವೆಲ್ಲಿ? ಅದರ ಬದಲಿಗೆ ತಟ್ಟೆಗೆ ಕೊಬ್ಬರಿ ಎಣ್ಣೆ ಸುರಿದು ಅಂಗಳದಲ್ಲಿಟ್ಟರು. ಕಪ್ಪು ಗಾಜಿನ ಮೂಲಕ ಆಕಾಶದ ಸೂರ್ಯನನ್ನು ಇಳಿಸಿ ಎಣ್ಣೆಯೊಳಗಿನ ಸೂರ್ಯನ ಮೇಲೆ ಕೂರಿಸಬೇಕು. ಹೊಸದರಲ್ಲಿ ಬೆಟ್ಟಸ್ವಾಮಿಗೂ ಅದು ಸಾಧ್ಯವಾಯಿತು. ಹಿತ್ತಾಳೆಯದರಲ್ಲಿ ಭಾರಕ್ಕೆ ಕೈ ನಿಲ್ಲದೆ ಇಬ್ಬರು ಸೂರ್ಯರೂ ಟಗರುಗಳಂತೆ ಗುದ್ದಾಡಿದರು.

“ಕೆಲಸಕ್ಕಾದ್ರೆ ಹೊಸದು ತಗೊಳ್ಳಿ” ಎಂದರು ಗಂಗಾಧರಯ್ಯ.

ಚಿಕ್ಕರಂಗಯ್ಯ ಎರಡನ್ನೂ ಅಂಗೈಯಲ್ಲಿ ತೂಗಿದ. “ಇದೇನ್ಲಾ, ಆಸ್ಪತ್ರೆ ತಟ್ಟೆ ಇದ್ದಂಗೈತೆ! ಒಂದ್ ಗಾಳಿ ಬೀಸಿದ್ರೆ ಹಾರ್ಕಂಡು ಹೋಯ್ತದೆ. ಹಿತ್ತಾಳೇದು ನೋಡು, ವಸ್ತು ಅಂದ್ರೆ ಅದು!”

ತೂಕದ ಮಾತಿಗೆ ಮಂಡಿಯವನು ಸೋಲದಿರುವುದುಂಟೆ? ಬೆಟ್ಟಸ್ವಾಮಿ ಹಿತ್ತಾಳೆಯದನ್ನೇ ಕೊಂಡ.

ಮನೆಗೆ ಬಂದು ಉಂಡು ಅಡ್ಡಾದ. ಎದ್ದಾಗ ಪಕ್ಕದ ಮನೆಯ ಕೆಂಪಕ್ಕ ಜಗುಲಿಯ ಮೇಲೆ ಕೈ ಒರೆಸಿಕೊಳ್ಳುತ್ತಿದ್ದಳು. ತೋಂಟದಾರ್ಯನನ್ನು ಎತ್ತಿ ಆಡಿಸಿದವಳು ಅವಳು. ಅವಳ ಮುಂದೆ ಸೆಕ್ಸ್‌ಟೆಂಟ್ ಮದುವೆ ಮನೆಯ ದೀಪದ ಕಂಬದಂತೆ ಹೊಳೆಯುತ್ತಿತ್ತು.

“ನಮ್ ತೋಂಟನಿಗೆ ಇಂಥ ಕಿಲುಬು ಹಿಡಿದಿದ್ದು ಕೊಡ್ತಾರೇನಪ್ಪ? ಹುಣಸೇಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದೆ. ಆ ಪಟ್ಟಿ ಮ್ಯಾಲೆ ಏನೋ ಗೀರು ಬಿದ್ದಿದ್ವು, ಅವುನ್ನೂ ಬುಡಲಿಲ್ಲ!”

ಗೀಟುಗಳೆಲ್ಲ ಮಾಯವಾಗಿದ್ದವು. ಅದರಲ್ಲಿದ್ದ ಪುಟ್ಟ ಕನ್ನಡಿಯ ಹಿಂದಿನ ರಸವೂ ಎದ್ದುಹೋಗಿತ್ತು. ಬೆಟ್ಟಸ್ವಾಮಿ ಅದನ್ನು ಚೀಲಕ್ಕೆ ತುರುಕಿಕೊಂಡು ಮತ್ತೆ ಬಸ್ಸಿಗೆ ಓಡಿದ.

ಗಂಗಾಧರಯ್ಯ ಬೋಳುಪಟ್ಟಿಯ ಮೇಲೆ ಬೆರಳಾಡಿಸಿದರು. “ಇದನ್ನ ವಾಪಸ್ ತಗೊಂಡು ನೋಡ್ತಾ ಕೂರೋದು ನನ್ನ ಕೈಲಾಗಲ್ಲ” ಎಂದು ಹೊಸದನ್ನು ಕೊಟ್ಟು, ಅದರ ದುಡ್ಡು ತೆಗೆದುಕೊಂಡು ಒಳಗೆ ಹೋದರು.

ತಿಪಟೂರಿನಲ್ಲಿ ಇಳಿದ ಬೆಟ್ಟಸ್ವಾಮಿಗೆ ಹಳೆಯದು ತಮ್ಮನ ಕಣ್ಣಿಗೆ ಬೀಳಬಾರದೆನಿಸಿತು. ಪಾತ್ರೆ ಅಂಗಡಿಗೆ ಹಾಕಿದ. ಅಂಗಡಿಯವನು ಸುತ್ತಿಗೆಯಿಂದ ಅದನ್ನು ಚೂರು ಮಾಡಿ ಮೂಟೆಗೆ ಎಸೆದು, ಬದಲಿಗೆ ಹಿತ್ತಾಳೆ ಬಿಂದಿಗೆಯೊಂದನ್ನು ಕೊಟ್ಟ.

ತೋಂಟದಾರ್ಯ ಆಗಲೇ ಬಂದು ಜಗುಲಿಯಲ್ಲಿ ಕಾಯುತ್ತಿದ್ದ. ಪೆಟ್ಟಿಗೆ ತೆರೆದವನ ಮುಖ ಸಣ್ಣಗಾಯಿತು.

“ಕೆಂಪಕ್ಕ ಹಿತ್ತಾಳೇದು ತಂದಿದೀಯ ಅಂದ್ಲು?”

“ಅದರ ಗೀಟೆಲ್ಲ ಅಳಿಸೋಯ್ತು ಕಣೋ. ಕೆಲಸಕ್ಕೆ ಬರಲ್ಲ. ಇದು ಒಳ್ಳೇದು, ಗಂಗಾಧರಯ್ಯನೋರೇ ಹೇಳಿದ್ರು.”

“ಒಳ್ಳೇದೇ ಅಣ್ಣ. ಕೆಲಸಕ್ಕೆ ಅಂತ ಇಂಥದ್ದೇ ಒಂದು ನನ್ನ ಹತ್ರ ಆಗ್ಲೇ ಇದೆ.” ಸ್ವಲ್ಪ ತಡೆದು ಹೇಳಿದ. “ಹಡಗಿಗೆ ಸೇರ್ತೀನಿ ಅಂದಾಗ ನೀನು ಮಾತು ಬಿಟ್ಟೆಯಲ್ಲ, ಆಗ ದಿನಾ ಅವರ ತೋಟಕ್ಕೆ ಹೋಗಿ ಕೂರ್ತಿದ್ದೆ. ಅವರು ಆ ಹಿತ್ತಾಳೇದನ್ನ ಕೈಗೆ ಕೊಟ್ಟು ಸೂರ್ಯನ್ನ ತೋರಿಸೋರು. ಗೀಟು ಹೋದ್ರೆ ಹೋಗ್ಲಿ, ಅದು ಬರೀ ನನ್ನ ಹತ್ರ ಇರಬೇಕಿತ್ತು ಅಷ್ಟೇ. ಎಲ್ಲಿದೆ? ಕೊಡು.”

ಬೆಟ್ಟಸ್ವಾಮಿ ಕಂಕುಳಲ್ಲಿದ್ದ ಬಿಂದಿಗೆಯನ್ನು ತಮ್ಮನ ಮುಂದಿಟ್ಟ.

ತೋಂಟದಾರ್ಯ ಬಿಂದಿಗೆಯನ್ನು ನೋಡಿದ, ಅಣ್ಣನ ಮುಖ ನೋಡಿದ. “ಬುಡು ಅಣ್ಣ” ಎಂದ. ನಾಲ್ಕು ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಬೆಟ್ಟಸ್ವಾಮಿಗೆ.

ಸ್ಟೇಷನ್ನಿನಲ್ಲಿ ಪೆಟ್ಟಿಗೆ ಕೊಡಲು ಹೋದರೆ ತಮ್ಮ, “ನಂಗೆ ಎರಡ್ಯಾಕೆ?” ಎಂದು ಬಿಂದಿಗೆಯನ್ನಷ್ಟೇ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಬಳಿ ಕೂತ. ರೈಲು ಹೊರಟಿತು. ಸುತ್ತ ಎಲ್ಲಿ ನೋಡಿದರೂ ತೆಂಗಿನ ಮರಗಳೇ ಕಾಣುವ ಊರಿನ ಪ್ಲಾಟ್‌ಫಾರಂ ಮೇಲೆ, ನಡುಸಮುದ್ರದಲ್ಲಿ ದಾರಿ ತಿಳಿಸುವ ಸೆಕ್ಸ್‌ಟೆಂಟ್ ಹಿಡಿದು ಬೆಟ್ಟಸ್ವಾಮಿ ನಿಂತೇ ಇದ್ದ.